ಖಾಲಿ ಗಾಡಿಗೆ ಬಿಗಿದ ಸೈಲೆನ್ಸರ್

ಜತ್ತದಲ್ಲಿ ನನ್ನದು ಕಾರು, ಜೀಪುಗಳಿಗೆ ಸೈಲೆನ್ಸರ್ ಕೂಡಿಸುವ ಅಂಗಡಿ. ಗಾಡಿ ಸದ್ದು ಮಾಡುತ್ತದೆ ಎಂದು ಬರುವವರಿದ್ದಾರೆ, ಸದ್ದು ಸಾಲದು ಎಂದು ಬರುವ ಪಡ್ಡೆಗಳೂ ಇದ್ದಾರೆ. ಎರಡನೆಯವರನ್ನು ಬೈದು ಕಳಿಸುತ್ತೇನೆ. ಬೈಯುವುದಕ್ಕೆ ನನಗೆ ಯಾವತ್ತೂ ತಡವಾಗಿಲ್ಲ.

ಈ ಕೆಲಸ ನೋಡುವವರಿಗೆ ನಾಲ್ಕು ಬೋಲ್ಟು ಬಿಗಿದಷ್ಟೇ. ಕಂಪನಿಯ ಅಸಲಿ ಮಾಲಿದ್ದರೆ ಅದು ನಿಜವೂ ಹೌದು. ಆದರೆ ನನ್ನ ಹತ್ತಿರ ಬರುವುದೆಲ್ಲ ಪೇಟೆಯಲ್ಲಿ ಸಿಗುವ ಬೇರೆ ಮಾಲು. ಒಂದರ ಬಾಗು ಹೆಚ್ಚು, ಇನ್ನೊಂದರ ಉದ್ದ ಕಡಿಮೆ. ಕ್ಲಾಂಪುಗಳನ್ನೆಲ್ಲ ಸಡಿಲ ಬಿಟ್ಟು ಇಡೀ ಪೈಪನ್ನು ಗಾಡಿಯ ಅಡಿಯ ರಬ್ಬರುಗಳಿಗೆ ತೂಗುಹಾಕಬೇಕು. ಆಮೇಲೆ ಇಂಜಿನ್ ಕಡೆಯಿಂದ ಒಂದೊಂದೇ ಬಿಗಿಯುತ್ತ ಹಿಂದಕ್ಕೆ ಬರಬೇಕು. ಕೊನೆಗೆ ಪೈಪಿನ ಬಾಯಿ ಹಿಂದಿನ ಬಂಪರಿನ ಸಂದಿಯಲ್ಲಿ ಎಲ್ಲಿಯೂ ತಾಗದೆ ನಿಲ್ಲಬೇಕು, ಅಕ್ಕಪಕ್ಕ ಒಂದು ಬೆರಳು, ಮೇಲೆ ಎರಡು ಬೆರಳು. ಬಂಪರು ಪ್ಲಾಸ್ಟಿಕ್ಕಿನದು. ಕಾದ ಪೈಪು ತಾಗಿದರೆ ಕರಗಿ ಹೋಗುತ್ತದೆ.

ನನಗೆ ಕೆಲಸ ಕಲಿಸಿದ ಉಸ್ತಾದರು ಇದಕ್ಕೊಂದು ಪದ್ಧತಿ ಸೇರಿಸಿದ್ದರು. ಕೊನೆಯ ಕ್ಲಾಂಪು ಬಿಗಿಯುವ ಮೊದಲು ಗಾಡಿಯನ್ನು ಜಾಕಿನಿಂದ ಇಳಿಸಿ, ಎದುರಿನ ಚಹಾದಂಗಡಿಯಲ್ಲಿ ಕೂತವರನ್ನು ಕರೆದು ಹಿಂದಿನ ಸೀಟು ತುಂಬಿಸುತ್ತಿದ್ದರು. "ನಮ್ಮ ಕಡೆ ಖಾಲಿ ಗಾಡಿ ಯಾವ ಹಾದ್ಯಾಗ ನೋಡೀದಿ?" ಎಂದು ನನ್ನನ್ನು ಕೇಳುತ್ತಿದ್ದರು. ಮಂದಿ ತುಂಬಿದಾಗ ಗಾಡಿ ಕುಗ್ಗಿ ಹಿಂದಿನ ಗಾಲಿಗಳ ಎಕ್ಸೆಲ್ ಪೈಪಿಗೆ ಒತ್ತುತ್ತದೆ, ಪೈಪು ಮೇಲೆ ಏಳುತ್ತದೆ. ಖಾಲಿ ಇದ್ದಾಗ ಕಂಡ ಎರಡು ಬೆರಳಿನ ಸಂದು ಆಗ ಇರುವುದೇ ಇಲ್ಲ. ಉಸ್ತಾದರು ತೀರಿಕೊಂಡ ಮೇಲೂ ಚಹಾದಂಗಡಿಯವರು ಆ ಪದ್ಧತಿ ಬಿಡಲಿಲ್ಲ. ನಾನು "ಬರ್ರಿ, ಕುಂದರ್ರಿ" ಎಂದರೆ ಸಾಕು, ಚಹಾದ ಕಪ್ಪು ಬಸಿ ಕೈಯಲ್ಲಿ ಹಿಡಿದೇ ಬಂದು ಹತ್ತುತ್ತಾರೆ. ಜೋಳದ ವ್ಯಾಪಾರಿಯೊಬ್ಬರನ್ನು ಇಬ್ಬರ ಲೆಕ್ಕಕ್ಕೆ ಹಿಡಿಯುತ್ತೇವೆ. ಅವರಿಗೂ ಅದು ಹೆಮ್ಮೆಯೇ.

ನಾನೂ ನನ್ನ ತಮ್ಮನೂ ಮಾತು ಬಿಟ್ಟು ಹೋದ ವರ್ಷಕ್ಕೆ ನಾಲ್ಕು ವರ್ಷವಾಗಿತ್ತು. ಅಪ್ಪ ತೀರಿಕೊಂಡ ದಿನ ನಾನು ಸಾಮಾನು ತರಲು ಮಿರಜಿಗೆ ಹೋಗಿದ್ದೆ. ಬಸ್ಸು ಕೆಟ್ಟು ನಿಂತಿತು. ನಮ್ಮೂರು ಸೋನ್ಯಾಳ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಹೊತ್ತು ಮುಳುಗುವುದರೊಳಗೆ ಆಗಬೇಕೆಂದು ಹಿರಿಯರು ಹೇಳಿದ್ದರು, ತಮ್ಮ ಹೂಂ ಎಂದಿದ್ದ. ಹಿರಿಯ ಮಗನಾಗಿ ಅಪ್ಪನಿಗೆ ನಾನು ಒಂದು ಹಿಡಿ ಮಣ್ಣು ಹಾಕಲಿಲ್ಲ. ನೆರೆದ ಮಂದಿಯ ಮುಂದೆ, "ಇವತ್ತ ನಮ್ಮಪ್ಪ ಒಬ್ಬನ ಸತ್ತಿಲ್ಲ, ನನ್ನ ತಮ್ಮನೂ ಸತ್ತ" ಎಂದುಬಿಟ್ಟೆ. ತಪ್ಪು ನನ್ನದು, ಇದರಲ್ಲಿ ಎರಡು ಮಾತಿಲ್ಲ. ತಿದ್ದಿಕೊಳ್ಳುವುದಕ್ಕೆ ನಾಲ್ಕು ವರ್ಷ ಸಿಕ್ಕಿತ್ತು, ತಿದ್ದಿಕೊಳ್ಳಲಿಲ್ಲ. ಅವ್ವ ತಮ್ಮನ ಸಂಸಾರದೊಂದಿಗೆ ಊರಲ್ಲೇ ಇದ್ದಳು. ನಾನು ಆ ಮನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಸಂತೆಯ ದಿನ ಅವಳೇ ಅಂಗಡಿಗೆ ಬಂದು ಒಂದು ತಾಸು ಕೂತು ಹೋಗುತ್ತಿದ್ದಳು.

ಹೋದ ವರ್ಷ ಒಂದು ಅಮಾವಾಸ್ಯೆಗೆ ಎರಡು ದಿನ ಇರುವಾಗ ತಮ್ಮ ತನ್ನ ಏಳು ಸೀಟಿನ ಹಳೆಯ ಗಾಡಿ ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಸೈಲೆನ್ಸರ್ ತುಕ್ಕು ಹಿಡಿದು ಜಾಳುಜಾಳಾಗಿತ್ತು. ಸಾಂಗಲಿಯಿಂದ ಕೊಂಡು ತಂದ ಹೊಸದು ಹಿಂದಿನ ಸೀಟಿನ ಮೇಲಿತ್ತು. ಅವ್ವ ಹಟ ಹಿಡಿದು ಕಳಿಸಿದ್ದಾಳೆಂದು ನನಗೆ ತಿಳಿಯಿತು. ಅವನು ಬೇವಿನ ಮರಕ್ಕೆ ಒರಗಿ ನಿಂತು ನಂಬರ್ ಪ್ಲೇಟಿಗೆ ಹೇಳಿದ: "ಬಂಪರಿಗೆ ಹತ್ತಬಾರದು." ನಾನು ಜಾಕಿಗೆ ಹೇಳಿದೆ: "ಹತ್ತಂಗಿಲ್ಲ." ಚಹಾದಂಗಡಿಯವರು ಕಪ್ಪು ಕೆಳಗಿಟ್ಟು ನಮ್ಮನ್ನೇ ನೋಡುತ್ತಿದ್ದರು.

ಅಂದು ಮಾಡಿದಂಥ ಜತನದ ಕೆಲಸ ಮತ್ತೆಂದೂ ಮಾಡಿಲ್ಲ. ಈ ಗಾಡಿಯ ಕೆಲಸ ಚಲೋ ಆದರೆ ಅವನು ನನ್ನನ್ನು ಮಾತಾಡಿಸುತ್ತಾನೆ, ಮಾತಾಡಿಸಿದರೆ ಆ ಮನೆಗೆ ಹೋಗಿ ಅವ್ವನ ಕೈಯಿಂದ ಉಣ್ಣಬಹುದು. ಗಾಡಿಯ ಕೆಳಗೆ ಅಂಗಾತ ಮಲಗಿ ಅದನ್ನೊಂದೇ ಯೋಚಿಸುತ್ತಿದ್ದೆ. ತಂದಿದ್ದ ಪೈಪಿನ ಬಾಗು ಸರಿಯಿರಲಿಲ್ಲ. ಕತ್ತರಿಸಿ, ತಿರುಗಿಸಿ, ವೆಲ್ಡಿಂಗ್ ಮಾಡಿ ಕೂಡಿಸಿದೆ. ಗಾಡಿ ಇಳಿಸಿದಾಗ ಪೈಪಿನ ಬಾಯಿ ಸಂದಿಯ ನಟ್ಟನಡುವೆ ನಿಂತಿತ್ತು. ತಮ್ಮ ಬಂದು ಬಗ್ಗಿ ತಾನೂ ಎರಡು ಬೆರಳಿಟ್ಟು ನೋಡಿ, ಬಂಪರಿಗೆ ತಲೆಯಾಡಿಸಿದ.

ಇನ್ನು ಮಂದಿಯನ್ನು ಕೂರಿಸಬೇಕಿತ್ತು. ಚಹಾದಂಗಡಿಯವರು ನಾನು ಕರೆಯಲೆಂದೇ ಕಾಯುತ್ತಿದ್ದರು. ಕರೆದರೆ ಸುಮ್ಮನೆ ಕೂರುವವರಲ್ಲ, ಅಣ್ಣತಮ್ಮಂದಿರಿಗೆ ಬುದ್ಧಿ ಹೇಳಲು ಶುರು ಮಾಡುತ್ತಾರೆ. ಎಲ್ಲರಿಗಿಂತ ಹತ್ತಿರ ನಿಂತವನು ತಮ್ಮನೇ. ಮೊದಲು ಅವನಿಗೇ "ಕುಂದರು" ಅನ್ನಬೇಕಾಗಿತ್ತು. ಅಂದಾಗ ಅವನು ಕೇಳಿಸದವನಂತೆ ಮುಖ ತಿರುಗಿಸಿದರೆ? ಅಷ್ಟು ಮಂದಿಯ ಮುಂದೆ? ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿದೆ. ಎರಡು ಬೆರಳಿಗಿಂತ ತುಸು ಹೆಚ್ಚೇ ಸಂದು ಇದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಕೊನೆಯ ಕ್ಲಾಂಪನ್ನು ಪಾನಾ ಹಾಕಿ ಬಿಗಿದೆ.

ಗಾಡಿ ತಿರುಗಿಸುವಾಗ ತಮ್ಮ ಒಮ್ಮೆ ಹಾರ್ನ್ ಒತ್ತಿದ. ಅಡ್ಡ ಯಾರೂ ಇರಲಿಲ್ಲ. ಅದು ನನಗೇ ಎಂದುಕೊಂಡೆ. ಎರಡು ದಿನ ಯಾರನ್ನೂ ಬೈಯಲಿಲ್ಲ.

ಅಮಾವಾಸ್ಯೆಯ ದಿನ ಆ ಗಾಡಿಯಲ್ಲಿ ಅವ್ವ, ತಮ್ಮನ ಮನೆಯವರು, ಅವನ ಬೀಗರು ಸೇರಿ ಒಂಬತ್ತು ಮಂದಿ ಗುಡ್ಡಾಪುರದ ದಾನಮ್ಮನ ದರ್ಶನಕ್ಕೆ ಹೊರಟರು. ಗುಡ್ಡಾಪುರ ಇನ್ನೂ ದೂರವಿರುವಾಗಲೇ ಸುಟ್ಟ ವಾಸನೆ ಬಂತಂತೆ. ಹಿಂದೆ ನೋಡಿದರೆ ಹೊಗೆ. ಬೆಂಕಿ ಹತ್ತಿತೆಂದು ಎಲ್ಲರೂ ಕೂಗಾಡುತ್ತ ಇಳಿದರು. ಗಡಿಬಿಡಿಯಲ್ಲಿ ಅವ್ವ ಮೊಣಕಾಲೂರಿ ಬಿದ್ದಳು. ಅವಳ ಮಡಿಲಲ್ಲಿದ್ದ ನೈವೇದ್ಯದ ಬುಟ್ಟಿ ಡಾಂಬರಿನ ಮೇಲೆ ಬೋರಲಾಯಿತು. ಬೆಂಕಿಯೇನೂ ಇರಲಿಲ್ಲ. ಬಂಪರಿನ ಅರ್ಧ ಭಾಗ ಕರಗಿ ಪೈಪಿನ ಸುತ್ತ ಜೋತುಬಿದ್ದಿತ್ತು. ನೈವೇದ್ಯ ಚೆಲ್ಲಿದ ಮೇಲೆ ಮುಂದೆ ಹೋಗುವುದು ಬೇಡವೆಂದು ಅಲ್ಲಿಂದಲೇ ತಿರುಗಿದರು.

ಮರುದಿನ ತಮ್ಮ ಬಂದ. ಸೈಲೆನ್ಸರನ್ನು ಯಾರ ಕೈಯಿಂದಲೋ ಕತ್ತರಿಸಿ ತೆಗೆಸಿ ತಂದಿದ್ದ. ಅದನ್ನು ನನ್ನ ಕಾಲ ಬಳಿ ಇಟ್ಟ. ಎಸೆದಿದ್ದರೆ ಚೆನ್ನಾಗಿತ್ತು, ನಾನೂ ಸಿಟ್ಟು ಮಾಡಬಹುದಿತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ. ಹುಟ್ಟಿದಾಗಿನಿಂದ 'ನೀ' ಅಂದವನು, ದಾರಿಹೋಕರಿಗೆ ಅನ್ನುವಂತೆ 'ನೀವು' ಅಂದ.

"ಇಪ್ಪತ್ತ ವರ್ಷ ಆತು ಈ ಕೆಲಸಾ ಮಾಡಾಕ ಹತ್ತಿ. ಯಾರ್ದರ ಬಂಪರ್ ಸುಟ್ಟಾವೇನ್ರಿ ನಿಮ್ಮ ಕೈಯಾಗ?"

"ಇಲ್ಲ" ಎಂದೆ. ಯೋಚಿಸಿ ಹೇಳಿದ್ದಲ್ಲ. ನನ್ನ ಕೆಲಸದ ಬಗ್ಗೆ ಯಾರು ಕೇಳಿದರೂ ಬಾಯಿಂದ ಬರುವ ಉತ್ತರ ಅದು.

"ಒಂದೂ ಇಲ್ಲಲ್ರಿ? ಹಂಗಾದ್ರ ನಮ್ಮ ಗಾಡಿ ಒಂದಕ್ಕ ಹೆಂಗ ತಪ್ಪಿತ್ರಿ ಕೈ?"

ಅಂದು ನಾನು ಯಾರನ್ನೂ ಕೂರಿಸಲಿಲ್ಲ ಎಂಬುದಕ್ಕೆ ಚಹಾದಂಗಡಿಯವರೆಲ್ಲ ಸಾಕ್ಷಿ. ತಮ್ಮ ಅವರನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ, ಹೊರಟುಹೋದ.

ಮುಂದಿನ ಸಂತೆಗೆ ಅವ್ವ ಕುಂಟುತ್ತ ಬಂದಳು. ನೀರು ಕೊಟ್ಟೆ, ಕುಡಿಯಲಿಲ್ಲ.

"ನೀವಿಬ್ರೂ ಒಂದಾಗ್ಲಿ ಅಂತ ದಾನಮ್ಮಗ ಹರಕಿ ಹೊತ್ತಿದ್ನಿ" ಎಂದಳು. "ಅವ ನಿನ್ನ ಕಡೆ ಬಂದು ಜಗಳಾ ಇಲ್ದ ಗಾಡಿ ಮಾಡಿಸ್ಕೊಂಡ ಹ್ವಾದಾ. ನನಗ ಅಷ್ಟ ಸಾಕಾಗಿತ್ತು. ಹರಕಿ ಮುಟ್ಟಸಾಕ ಹೊಂಟಿದ್ನಿ. ಖರೆ ಹೇಳು ಯಪ್ಪಾ, ಬೇಕಂತ ಮಾಡೀದೇನು?"

"ಇಲ್ಲ ಯವ್ವಾ. ನಿನ್ನ ಆಣಿ."

"ಎಲ್ಲಾರ ಗಾಡ್ಯಾಗೂ ಮಂದೀನ ಕುಂದರಸ್ತೀ. ತಮ್ಮನ ಗಾಡ್ಯಾಗ ಯಾಕ ಕುಂದರಸಲಿಲ್ಲ?"

ಅವಳಿಗೆ ಸುಳ್ಳು ಹೇಳುವುದು ಬೇಡ ಎನಿಸಿತು. ಇದ್ದದ್ದನ್ನು ಇದ್ದಂತೆ ಹೇಳಿದೆ. "ಅವಗ ಕುಂದರು ಅನ್ನಾಕ ಬಾಯಿ ಬರಲಿಲ್ಲ ಯವ್ವಾ. ಅಂಜಿಕಿ ಬಂತು."

ಅವ್ವ ನನ್ನನ್ನು ನೋಡಿದಳು. ನಾನು ಚಿಕ್ಕವನಿದ್ದಾಗ ಕದ್ದು ಸಿಕ್ಕಿಬಿದ್ದರೂ ಹಾಗೆ ನೋಡಿದವಳಲ್ಲ.

"ನೀ ಅಂಜಾಂವನಾ?" ಎಂದಳು. "ಅಪ್ಪನ ಮಣ್ಣಿನ್ಯಾಗ ಊರ ಮಂದಿ ಮುಂದ ಅಂಥಾ ಮಾತಾಡಾಂವಾ, ತಮ್ಮಗ ಕುಂದರು ಅನ್ನಾಕ ಅಂಜತೀಯಾ? ನೀ ಬೇಕಂತ ಮಾಡೀದಿ ಅಂತ ಅವ ಎಷ್ಟ ಅಂದ್ರೂ ನಾ ನಂಬಿದ್ದಿಲ್ಲ. ಈಗ ನಂಬತೀನಿ."

ಗೋಡೆ ಹಿಡಿದು ಎದ್ದಳು. ಸ್ಟ್ಯಾಂಡಿನ ತನಕ ಬಿಟ್ಟು ಬರುತ್ತೇನೆ ಎಂದರೆ ಬೇಡವೆಂದಳು. ಈಗಲೂ ಪ್ರತಿ ಸಂತೆಗೆ ಅವಳು ಜತ್ತಕ್ಕೆ ಬರುತ್ತಾಳೆಂದು ಚಹಾದಂಗಡಿಯವರು ಹೇಳುತ್ತಾರೆ.