ಸೂರಿಗೆ ಸಿಕ್ಕಿಸಿದ ಲೋಟಗಳು

ಬೇಗೂರಿನ ಹತ್ತಿರ ನಮ್ಮ ಬಸ್ಸಿನ ಪಕ್ಕಕ್ಕೆ ಚೆಂಡುಹೂವಿನ ಲಾರಿ ಬಂದು ನಿಂತರೆ ಸಾಕು, ಆ ಘಾಟು ವಾಸನೆಗೆ ನಾನು ಕಾಲೇಜಿನ ಮೇಡಂ ಎಂಬುದೇ ಮರೆತುಹೋಗಿ ಹಂಗಳದ ತಾತನ ಮನೆಯ ಅಂಗಳದಲ್ಲಿರುತ್ತೇನೆ. ಕ್ರಾಂತಿಗಳು ಯಾಕೆ ಆಗುತ್ತವೆ ಎಂದು ವರ್ಷವರ್ಷವೂ ಪಾಠ ಮಾಡುವುದು ನನ್ನ ಕೆಲಸ. ಹಸಿವು, ತೆರಿಗೆ, ದೊರೆಯ ದರ್ಪ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಆದರೆ ನಾನು ಕಣ್ಣಾರೆ ಕಂಡ ಒಂದೇ ಒಂದು ಕ್ರಾಂತಿಯಲ್ಲಿ ಇವ್ಯಾವೂ ಇರಲಿಲ್ಲ. ತಾತ ಯಾರ ಕೂಲಿಯನ್ನೂ ತಡೆದವರಲ್ಲ. ಅಜ್ಜಿಯಂತೂ ಹೊಟ್ಟೆ ತುಂಬ ಮುದ್ದೆ ಬಡಿಸದೆ ಯಾರನ್ನೂ ಕಳಿಸಿದವಳೇ ಅಲ್ಲ.

ಹೂ ಬಿಡಿಸಲು ಬರುತ್ತಿದ್ದ ಹೆಂಗಸರಲ್ಲಿ ಮಾದಮ್ಮ ನನ್ನ ಜೀವ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ನನ್ನನ್ನು ಎತ್ತಿಕೊಳ್ಳಬಹುದಿತ್ತು, ನಮ್ಮ ಲೋಟ ಮಾತ್ರ ಮುಟ್ಟುವಂತಿರಲಿಲ್ಲ. ಅವಳ ಕೇರಿಯವರು ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದ ಲೋಟ ತೆಗೆದು, ಕಾಫಿ ಕುಡಿದು, ತಾವೇ ತೊಳೆದು ಮತ್ತೆ ಅಲ್ಲೇ ಸಿಕ್ಕಿಸಬೇಕು. ಯಾರೂ ಚಕಾರ ಎತ್ತುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಾದಮ್ಮನ ಮಗಳು, ನನ್ನ ಕ್ಲಾಸಿನವಳೇ, ಬಾಯಾರಿ ಬಂದಳು. ನನ್ನ ಲೋಟದಲ್ಲೇ ನೀರು ಕೊಟ್ಟೆ. ಅಜ್ಜಿ ಗದರಲಿಲ್ಲ. ಕೆಳಗಿಡು ಮಗ ಎಂದು ಅವಳಿಗೆ ಮೆಲ್ಲಗೆ ಹೇಳಿ, ಅವಳು ಇಟ್ಟ ಲೋಟಕ್ಕೆ ನೀರು ಚಿಮುಕಿಸಿ ಎತ್ತಿಕೊಂಡು, ಹುಣಸೆಹಣ್ಣು ಹಾಕಿ ತಿಕ್ಕತೊಡಗಿದಳು. ಮಾದಮ್ಮ ನೋಡುತ್ತ ನಿಂತಿದ್ದಳು. ಮಡಿಲಲ್ಲಿದ್ದ ಹೂವನ್ನು ಅಲ್ಲೇ ಸುರಿದು, ಮಗಳ ಕೈ ಹಿಡಿದು ಹೊರಟೇಹೋದಳು. ಮಾರನೆಯ ದಿನ ಕೆಲಸಕ್ಕೆ ಒಬ್ಬರೂ ಬರಲಿಲ್ಲ.

ಯಾರೋ ಇವರ ತಲೆ ಕೆಡಿಸಿದ್ದಾರೆ ಎಂದು ತಾತ ಜಗಲಿಯಲ್ಲಿ ಕೂತು ಗೊಣಗಿದರು. ಪಾಪ, ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಹೂವೆಲ್ಲ ಗಿಡದಲ್ಲೇ ಕಪ್ಪಾಗತೊಡಗಿದಾಗ ಅಜ್ಜಿ ಸೂರಿನ ಲೋಟಗಳನ್ನು ಕಿತ್ತೆಸೆದು, ಇನ್ನು ಎಲ್ಲರಿಗೂ ಒಳಗಿನ ಲೋಟವೇ ಎಂದು ಹೇಳಿಕಳಿಸಿದಳು. ಎಲ್ಲರೂ ಬಂದರು, ಮಾದಮ್ಮ ಬರಲಿಲ್ಲ. ಅಳುತ್ತ ಅವಳ ಮನೆಗೆ ಓಡಿದೆ. ನನ್ನನ್ನು ಮುಂದೆ ಕೂರಿಸಿಕೊಂಡು, ಕೆದರಿದ ಜಡೆ ಬಿಚ್ಚಿ ಹೆಣೆಯುತ್ತ ಹೇಳಿದಳು.

"ಲೋಟ ಬದ್ಲಾಯ್ತು, ಒಳ್ಳೇದೇ ಆಯ್ತು ಬುಡು. ಇಷ್ಟ್ ವರ್ಸ ನಾ ಕುಡುದ್ದು ನಂಗೇನೂ ಅನ್ನುಸ್ನಿಲ್ಲ. ನನ್ ಕೂಸು ಲೋಟ ಕೆಳಗಿಟ್ಬುಟ್ಟು ನನ್ ಮೊಕ ನೋಡ್ತಲ್ಲ, ಅದ್ನ ಯಾವ ಹುಣಸೇಹಣ್ಣಾಕಿ ತೊಳೀಲಿ ಕಣಮ್ಮಿ?"

ಈಗ ತಾತ ಇಲ್ಲ, ಅಜ್ಜಿ ಇಲ್ಲ, ಮಾದಮ್ಮನೂ ಇಲ್ಲ. ಆ ಮನೆಯ ಜಾಗದಲ್ಲಿ ಬಂಡೀಪುರಕ್ಕೆ ಹೋಗುವವರ ಕಾರುಗಳು ನಿಲ್ಲುತ್ತವೆ. ನ್ಯಾಯ ಅವಳದೇ ಎಂದು ತರಗತಿಯಲ್ಲಿ ನಾನು ಗಟ್ಟಿಯಾಗಿ ಹೇಳಬಲ್ಲೆ. ಅಂದು ಮಾತ್ರ ಒಬ್ಬಳೇ ಮನೆಗೆ ವಾಪಸ್ಸು ಬಂದೆ. ಅವಳು ಹೆಣೆದ ಜಡೆಯನ್ನು ಬಿಚ್ಚಲು ಎಷ್ಟೋ ದಿನ ಅಜ್ಜಿಗೆ ಬಿಡಲಿಲ್ಲ.