ಹಾಜರಿಯ ಹೆಬ್ಬೆಟ್ಟು

ಗಿರಿಜಾ, ಆ ಒಪ್ಪಿಗೆಯ ಕಾಗದವನ್ನು ನಾನು ನಿನಗೆ ಓದಿ ಹೇಳಲೇ ಇಲ್ಲ. ಓದಿ ಹೇಳಿದ್ದೇನೆ ಎಂದು ಕೆಳಗೆ ಸಹಿ ಮಾತ್ರ ಹಾಕಿದೆ.

ಕೂಲಿ ಹೆಂಗಸರು ಸರ್ಕಾರಿ ಆಸ್ಪತ್ರೆಗೆ ಯಾಕೆ ಬರುವುದಿಲ್ಲ ಎಂಬ ಅಧ್ಯಯನಕ್ಕೆ ಪ್ರಶ್ನೆ ಕೇಳುತ್ತ ತಿರುಗುವುದು ಆಗ ನನ್ನ ಕೆಲಸ. ಒಬ್ಬೊಬ್ಬರನ್ನೂ ಕೂರಿಸಿಕೊಂಡು ಒಪ್ಪಿಗೆ ಪಡೆಯಬೇಕಿತ್ತು. ಕೊಪ್ಪದ ಕಡೆಯ ನಾರ್ವೆ ಎಂಬ ಊರಿನ ಹತ್ತಿರದ ನಿಮ್ಮ ಕಾಫಿ ಎಸ್ಟೇಟಿನಲ್ಲಿ ನಾನು ಕೇಳಿದ್ದು ಒಬ್ಬರನ್ನೇ — ಕೂಲಿ ಲೆಕ್ಕ ಬರೆಯುವ ರೈಟರನ್ನು. ಬೆಳಗಿನ ಹಾಜರಿ ತೆಗೆಯುತ್ತಿದ್ದವರು ದೊಡ್ಡ ಮನಸ್ಸು ಮಾಡಿ, "ಅದಕ್ಕೆಂತ, ಇಲ್ಲೇ ಹೆಬ್ಬೆಟ್ಟು ಒತ್ತಿಸ್ಕ ಮಾರಾಯ್ತಿ" ಎಂದರು. ಹಾಜರಿ ಪುಸ್ತಕದ ಪಕ್ಕದಲ್ಲೇ ನನ್ನ ಕಾಗದಗಳನ್ನಿಟ್ಟೆ. ನೀವೆಲ್ಲ ಸಾಲಾಗಿ ಬಂದು ಎರಡೂ ಕಡೆ ಒತ್ತಿ ಹೋದಿರಿ. ಎಷ್ಟು ಸಲೀಸು! ಒಳಗೊಳಗೇ ಬೀಗಿದ್ದೆ ಕೂಡ.

ಆಮೇಲೆ ಕೂಲಿಗಳ ಲೈನ್ ಮನೆಯ ಮೆಟ್ಟಿಲ ಮೇಲೆ ಕೂತು ನೀನು ಎಲ್ಲ ಹೇಳಿದೆ — ಎರಡನೆಯ ಬಸಿರನ್ನು ಗಂಡನಿಗೆ ತಿಳಿಸದೆ ತೆಗೆಸಿದ್ದು, ಮತ್ತೆ ಆಸ್ಪತ್ರೆಗೆ ಕಾಲಿಡಲು ನಾಚಿಕೆಯಾದದ್ದು... ನನ್ನ ಮೊಬೈಲ್ ರೆಕಾರ್ಡ್ ಮಾಡುತ್ತಿತ್ತು. ಅದು ಯಾಕೆಂದು ನೀನು ಕೇಳಲಿಲ್ಲ. ನನಗೂ ಅದೇ ಬೇಕಿತ್ತು.

ವರದಿ ಮಂಡಿಸಲು ಕೊಪ್ಪದಲ್ಲಿ ಕರೆದ ಸಭೆಯಲ್ಲಿ ನಿನ್ನ ಆ ರೆಕಾರ್ಡಿಂಗನ್ನು ಕೇಳಿಸಿದೆವು. ಹೆಸರು ತೆಗೆದಿದ್ದೆವು — ನಿಯಮ ಪಾಲಿಸಿದ ಹೆಮ್ಮೆ ಬೇರೆ! ಮುಂದಿನ ಸಾಲಿನಲ್ಲಿ ರೈಟರು ಕೂತಿದ್ದರು. ಸಹಕಾರ ಕೊಟ್ಟರೆಂದು ನಾನೇ ಕರೆದಿದ್ದೆ. ದಿನಬೆಳಗಾದರೆ ನಿನ್ನ ದನಿ ಕೇಳುವ ಮನುಷ್ಯನಿಗೆ ಹೆಸರು ಯಾಕೆ ಬೇಕು? ಅಷ್ಟೂ ಬುದ್ಧಿ ಇರಲಿಲ್ಲ ನನಗೆ. ವಾರದೊಳಗೆ ಲೈನಿಗೆಲ್ಲ ಸುದ್ದಿಯಾಯಿತು. ನಿನ್ನ ಗಂಡ ಮಗಳನ್ನು ಇಟ್ಟುಕೊಂಡು ನಿನ್ನನ್ನು ನರಸಿಂಹರಾಜಪುರದ ತವರಿಗೆ ಅಟ್ಟಿದ. ನನ್ನ ವರದಿಯನ್ನು ಎಲ್ಲರೂ ಹೊಗಳಿದರು.

ಇಷ್ಟು ವರ್ಷಗಳ ಮೇಲೆ, ಹೋದ ತಿಂಗಳು ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ನೀನು ಎದುರಾದೆ. ಬೈಯುತ್ತೀಯೆಂದುಕೊಂಡೆ — ಬೈದಿದ್ದರೆ ಒಳ್ಳೆಯದಿತ್ತು.

"ಅವತ್ತು ಎರಡೂ ಕಡೆ ಒತ್ತಿದ್ದು ಹಾಜರಿಗಲ್ದಾ ಅಕ್ಕಾ?" ಎಂದು ಕೇಳಿದೆ ನೀನು.

ಎರಡನೆಯದು ಹಾಜರಿಗಲ್ಲವೆಂದು ನಾನು ತಲೆಯಾಡಿಸಿದೆ.

"ಹಂಗಾರೆ... ಬ್ಯಾಡ ಅನ್ಬೋದಿತ್ತಾ?"

ಬಸ್ಸು ಬಂತೆಂದು ನೆಪ ಹೇಳಿ ಹತ್ತಿ ಕೂತೆ. ಉತ್ತರ ಈಗ ಹೇಳುತ್ತಿದ್ದೇನೆ. ಅನ್ನಬಹುದಿತ್ತು, ಗಿರಿಜಾ. ಆ ಕಾಗದದ ಮೊದಲ ಸಾಲೇ ಅದು. ಓದಿದರೆ ನೀನು ಬೇಡ ಎನ್ನುತ್ತೀಯೆಂದು ನನಗೆ ಗೊತ್ತಿತ್ತು — ಅದಕ್ಕೇ ಓದಲಿಲ್ಲ.