ಜೇನಿನ ಬಣ್ಣದ ಬಿಲ್ಲೆಯಲ್ಲಿ ಅತ್ತೆ

ರೂಪಶ್ರೀ ಮಿರ್ಲೆಯಿಂದ ಬಿಳಿಕೆರೆಗೆ ಸೊಸೆಯಾಗಿ ಬಂದಾಗಲೇ ಅವಳಿಗೆ ಮೈಸೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸವಿತ್ತು. ರೋಗಿಗಳ ಮೈಯಿಂದ ತೆಗೆದ ಮಾಂಸದ ಚೂರನ್ನು ಎಪಾಕ್ಸಿ ಅಂಟಿನಲ್ಲಿ ಮುಳುಗಿಸಿ, ಓವನ್ನಿನಲ್ಲಿಟ್ಟು ಗಟ್ಟಿ ಮಾಡಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಅಣಿ ಮಾಡುವ ಕೆಲಸ. ಮೆತ್ತಗಿನ ಚೂರನ್ನು ಹಾಗೇ ಕೊಯ್ಯಲು ಹೋದರೆ ಹಿಸುಕಿಹೋಗುತ್ತದೆ. ಅಂಟು ಅದರ ಸಂದುಗೊಂದಿಗೆಲ್ಲ ಇಳಿದು ಕಲ್ಲಿನಂತಾದರೆ ಮಾತ್ರ ಬೇಕಾದಷ್ಟು ತೆಳ್ಳಗಿನ ಪದರ ಸಿಗುತ್ತದೆ.

ಅತ್ತೆ ಪುಟ್ಟತಾಯಮ್ಮನಿಗೆ ಇದು ತಮಾಷೆ. "ಎಮ್ಮೆಸ್ಸಿ ಓದ್ಕಂಡು ಅಂಟು ಕಾಯ್ಸಕ್ಕೆ ಓಯ್ತಾಳೆ ಕಣೆ ನಮ್ ಸೊಸೆ" ಎಂದು ಪಕ್ಕದ ಮನೆಯ ಚಿಕ್ಕಮಾದಮ್ಮನಿಗೆ ಹೇಳಿ ನಗುವಳು. ಸಂಜೆ ರೂಪಶ್ರೀ ಬಾಗಿಲಿಗೆ ಬರುತ್ತಿದ್ದಂತೆ, "ಮೊದ್ಲು ಕೈ ತೊಳ್ಕ, ಆಮೇಕೆ ಅಡ್ಗೆಮನೆ" ಎಂದು ಗದರುವಳು. ಆದರೆ ಬೆಳಿಗ್ಗೆ ಬುತ್ತಿ ಕಟ್ಟಿಕೊಟ್ಟು, ಹೆದ್ದಾರಿಯವರೆಗೂ ಬಂದು, ಸೊಸೆಗೆ ಬಸ್ಸಿನಲ್ಲಿ ಸೀಟು ಸಿಕ್ಕಿತೋ ಇಲ್ಲವೋ ಎಂದು ಕತ್ತು ಉದ್ದ ಮಾಡಿ ನೋಡದೆ ಹಿಂದಿರುಗಿದವಳಲ್ಲ.

ಮೊನ್ನೆಯ ಮಳೆಗಾಲದಲ್ಲಿ ಪುಟ್ಟತಾಯಮ್ಮನ ಮುಖ ಊದಿಕೊಂಡಿತು. ಕಾಲು ಒತ್ತಿದರೆ ಗುಳಿ ಬೀಳುತ್ತಿತ್ತು. ಮಗ ಯತೀಶ್ ತನ್ನ ಗೊಬ್ಬರದ ಅಂಗಡಿಗೆ ಬೀಗ ಹಾಕಿ ಅವ್ವನನ್ನು ಮೈಸೂರಿನ ಅದೇ ಆಸ್ಪತ್ರೆಗೆ ಸೇರಿಸಿದ. ಕಿಡ್ನಿಯಿಂದ ಶ್ಯಾವಿಗೆ ಎಳೆಯಷ್ಟು ಚೂರು ತೆಗೆದರು. ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಎಲ್ಲ ಸರಿಯಾಗಿಯೇ ಕಂಡಿತು. ಊತ ಮಾತ್ರ ಏರುತ್ತಲೇ ಇತ್ತು. ಡಾಕ್ಟರು ಉಳಿದ ಚೂರನ್ನು ದೊಡ್ಡ ಮೈಕ್ರೋಸ್ಕೋಪಿಗೆ ಕಳಿಸಿದರು. ಅದು ಬಂದು ಕೂತದ್ದು ರೂಪಶ್ರೀಯ ಮೇಜಿನ ಮೇಲೆ.

ಸೀಸೆಯ ಮೇಲೆ ಅತ್ತೆಯ ಹೆಸರು ನೋಡಿ ಅವಳು ಅದನ್ನು ಹಾಗೇ ಪಕ್ಕಕ್ಕಿಟ್ಟಳು. ಜೊತೆಗಾರ ನಂಜುಂಡೇಶ್ ತಾನು ಮಾಡಿಕೊಡುತ್ತೇನೆಂದ. ಮಧ್ಯಾಹ್ನ ವಾರ್ಡಿಗೆ ಹೋದಾಗ ಅವಳು ಅದನ್ನೇ ಅತ್ತೆಗೆ ಹೇಳಿದಳು.

"ಯಾಕೆ, ನಿಂಗೇನಾಗದೆ?"

"ನನ್ ಕೈ ನಡುಗ್ತದೆ ಅತ್ತೆ."

"ನಡುಗ್ಲಿ ಬುಡು. ಕಂಡೋರ್ ಕೈಗ್ಯಾಕೆ ಕೊಟ್ಟೀಯೆ? ನೀನೇ ಮಾಡು ಮಗ."

ರೂಪಶ್ರೀ ಹಿಂದಿರುಗಿ ಕೈಗವಸು ಹಾಕಿಕೊಂಡಳು. ಚೂರುಗಳನ್ನು ಸಾಸಿವೆಗಿಂತ ಚಿಕ್ಕದಾಗಿ ಕತ್ತರಿಸಿ, ರಾಸಾಯನಿಕದಲ್ಲಿ ನೆನೆಸಿ ಕಪ್ಪು ಬಣ್ಣ ಹಿಡಿಸಿ, ಸ್ಪಿರಿಟ್ಟಿನಲ್ಲಿ ನೀರಿನಂಶ ತೆಗೆದು, ಅಂಟು ನಿಧಾನವಾಗಿ ಒಳಗಿಳಿಯಲು ಬಿಟ್ಟಳು. ಆಮೇಲೆ ಅಚ್ಚಿನಲ್ಲಿ ಒಂದೊಂದನ್ನೇ ಕೂರಿಸಿ, ಮೇಲಿಂದ ಜೇನಿನಂಥ ಅಂಟು ಸುರಿದು, ಗುಳ್ಳೆಯೊಂದು ಎದ್ದರೂ ಸೂಜಿಯಿಂದ ಒಡೆದು, ಓವನ್ನಿಗಿಟ್ಟಳು. ಅಷ್ಟು ಹೊತ್ತೂ ಕೈ ನಡುಗಲಿಲ್ಲ.

ಎರಡು ದಿನದ ಮೇಲೆ ಅಂಟಿನ ಬಿಲ್ಲೆಗಳನ್ನು ಹೊರತೆಗೆದು ಉಗುರಿನಿಂದ ಒತ್ತಿದರೆ ತಗ್ಗು ಬಿತ್ತು! ಮಳೆಯ ತೇವ ಅಂಟಿಗೆ ಸೇರಿಬಿಟ್ಟಿತ್ತು. ಬೇರೆ ಚೂರು ಉಳಿದಿರಲಿಲ್ಲ. ಇನ್ನೊಮ್ಮೆ ಅತ್ತೆಯ ಮೈಗೆ ಸೂಜಿ ಚುಚ್ಚಬೇಕೇ ಎಂದು ಅವಳ ಕಣ್ಣು ತುಂಬಿತು.

"ಕೆಟ್ಟಿಲ್ಲ ಕಣ್ರೀ, ಕಾವು ಸಾಲ್ದು ಅಷ್ಟೆ. ತಿರ್ಗಾ ಇಡಿ" ಎಂದ ನಂಜುಂಡೇಶ್.

ಅವಳು ಇಟ್ಟಳು. ವಾರ್ಡಿನಲ್ಲಿ ಅತ್ತೆ, "ಏನಾಯ್ತು ನನ್ದು?" ಎಂದಳು.

"ಇನ್ನೂ ಗಟ್ಟಿಯಾಗಿಲ್ಲ ಅತ್ತೆ. ಬೇಯ್ತಾ ಅದೆ."

"ಬೇಯ್ಲಿ ಬುಡು. ನಾನೇನ್ ಎಳೇ ಬದ್ನೆಕಾಯಾ, ಬಿರ್ರನೆ ಬೇಯಕ್ಕೆ?" ಎಂದು ಪುಟ್ಟತಾಯಮ್ಮ ಊದಿದ ಮುಖದಲ್ಲೇ ನಕ್ಕಳು. ರೂಪಶ್ರೀಗೂ ನಗು ತಡೆಯಲಾಗಲಿಲ್ಲ.

ಮರುದಿನ ಬಿಲ್ಲೆಗೆ ಉಗುರು ಊರಲಿಲ್ಲ. ವಜ್ರದ ಅಲಗಿನಲ್ಲಿ ಕೊಯ್ದ ಪದರಗಳು ನೀರಿನ ಮೇಲೆ ಬೆಳ್ಳಿಯಂತೆ ತೇಲಿದವು. ಡಾಕ್ಟರು ಪರದೆಯ ಮೇಲೆ ತೋರಿಸಿದರು: ರಕ್ತ ಸೋಸುವ ಜರಡಿಯಲ್ಲಿ ಬೆರಳುಗಳಂತೆ ಬಿಡಿಬಿಡಿಯಾಗಿ ಇರಬೇಕಾದ ಎಳೆಗಳು ಚಪ್ಪಟೆಯಾಗಿ ಒಂದರೊಳಗೊಂದು ಸೇರಿಹೋಗಿದ್ದವು. ಅದಕ್ಕೇ ಮೈಯ ಸತ್ವವೆಲ್ಲ ಮೂತ್ರದಲ್ಲಿ ಸೋರುತ್ತಿತ್ತು. "ಮಾತ್ರೆಗೆ ಬಗ್ಗುವ ಕಾಯಿಲೆ. ಹೆದರಬೇಡಿ" ಎಂದರು. ರೂಪಶ್ರೀ ಕಾರಿಡಾರಿಗೆ ಹೋಗಿ ಯತೀಶನಿಗೆ ಫೋನು ಮಾಡಿ, ಡಾಕ್ಟರು ಅಂದದ್ದನ್ನೇ ಎರಡು ಸಲ ಹೇಳಿದಳು. ಅವನು "ಇನ್ನೊಂದ್ ಸಲ ಹೇಳು" ಎಂದ.

ಊತ ಇಳಿಯಲು ಬಹಳ ದಿನ ಹಿಡಿಯಿತು. ಉಪ್ಪಿಲ್ಲದ ಸಪ್ಪೆ ಸಾರು ಉಣ್ಣಲಾರೆನೆಂದು ಪುಟ್ಟತಾಯಮ್ಮ ಮಗುವಿನಂತೆ ಹಟ ಮಾಡಿದಳು. ಒಮ್ಮೆ ಡಾಕ್ಟರಿಗೆ ತೋರಿಸಿಕೊಂಡು ಬರುವಾಗ ಲ್ಯಾಬು ನೋಡಬೇಕೆಂದಳು. ರೂಪಶ್ರೀ ಡ್ರಾಯರು ಎಳೆದು, ಸಾಲಾಗಿದ್ದ ಬಿಲ್ಲೆಗಳಿಂದ ಅತ್ತೆಯದೊಂದನ್ನು ತೆಗೆದು ಅವಳ ಅಂಗೈಗಿಟ್ಟಳು. ಪುಟ್ಟತಾಯಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗಿನ ಕಪ್ಪು ಚುಕ್ಕೆಯನ್ನು ನೋಡಿಯೇ ನೋಡಿದಳು.

"ಇದು ನಾನಾ?"

"ನೀವೇ ಅತ್ತೆ."

"ಮಿಕ್ಕವೆಲ್ಲ ಯಾರ್ದು?"

"ಬ್ಯಾರೆಯವ್ರದ್ದು."

"ಅವ್ರೆಲ್ಲ ಉಸಾರಾದ್ರಾ?"

"ಸುಮಾರ್ ಜನ ಆದ್ರು" ಎಂದಳು ರೂಪಶ್ರೀ.

ಪುಟ್ಟತಾಯಮ್ಮ ತನ್ನ ಬಿಲ್ಲೆಯನ್ನು ಸೆರಗಿನಿಂದ ಒರೆಸಿ, ಉಳಿದವುಗಳ ಪಕ್ಕಕ್ಕೇ ಇಟ್ಟು, ಡ್ರಾಯರನ್ನು ತಾನೇ ಮೆಲ್ಲಗೆ ತಳ್ಳಿದಳು.